ನಾಸಿರ್ ತಂದೆ ಒಲು ದಾರಾ

(ಕಲಬುರಗಿಯಲ್ಲಿ ಗೆಳೆಯರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಹಾಕಿದ ಹಾಡಿನ ತುಣುಕುಗಳನ್ನು ಕಾಗದದ ಮೇಲೆ ಕೇಳಿಸಲು ಆಗುವುದಿಲ್ಲ. ಎಲ್ಲಿ ಹಾಕಿದೆ ಎಂದು ಹೇಳಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ. ಸ್ಪೀಕರ್ ತಂದಿದ್ದೇನೆ. ಆದರೆ ಪೂರ್ತಿ ಹಾಡು ಒಂದನ್ನೂ ಹಾಕುವುದಿಲ್ಲ. ಹಾಡಿನಲ್ಲಿ ಬೈಗುಳ ಜಾಸ್ತಿ. ಮೊದಲ ಸಾಲಿನಲ್ಲಿ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರರು ಕೂತಿದ್ದಾರೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಅದೇ ತೊಂದರೆ.

ಹೋದ ತಿಂಗಳು ಇಲ್ಲಿ ತತ್ವಪದದ ಮೇಲೆ ಮಾತಾಯಿತು. ಕೊನೆಗೆ ಯಾರೋ "ಮುಂದಿನ ಸಲ ಏನರ ಹೊಸಾದು ಹೇಳ್ರಿ" ಅಂದರು. ನಾನು ಕೈ ಎತ್ತಿಬಿಟ್ಟೆ. ಹೊಸದೇನೂ ಅಲ್ಲ. 1994ರ ಏಪ್ರಿಲ್ 19ಕ್ಕೆ ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ಆಲ್ಬಂ. ಹೆಸರು ಇಲ್‌ಮ್ಯಾಟಿಕ್. ಹಾಡಿದವನು ನಾಸ್ ಅನ್ನುವ ರ‍್ಯಾಪರ್, ಅಂದರೆ ತಾಳದ ಮೇಲೆ ಪ್ರಾಸದ ಮಾತು ಕಟ್ಟಿ ಹೇಳುವವನು. ಅವನ ಮೊದಲ ಆಲ್ಬಂ. ಆಗ ಅವನಿಗೆ 20 ವರ್ಷ. ಒಟ್ಟು 10 ಟ್ರ್ಯಾಕ್, ಅದರಲ್ಲಿ ಮೊದಲನೆಯದು ಬರೀ ಪೀಠಿಕೆ. ಕೇಳಿ ಮುಗಿಸಲು ಹೆಚ್ಚುಕಡಿಮೆ 40 ನಿಮಿಷ. ಇಲ್ಲಿಂದ ಶಹಾಬಾದಿಗೆ ಬಸ್ಸಿನಲ್ಲಿ ಹೊರಟರೆ ಊರು ಮುಟ್ಟುವುದರೊಳಗೆ ಆಲ್ಬಂ ಮುಗಿದಿರುತ್ತೆ.

ನಾಸ್ ಅಂದರೆ ನಾಸಿರ್. ಈ ಹೆಸರನ್ನು ನಮ್ಮೂರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ದರ್ಗಾ ರಸ್ತೆಯಲ್ಲಿ ನಿಂತು "ನಾಸಿರ್" ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇವನ ಪೂರ್ತಿ ಹೆಸರು ನಾಸಿರ್ ಬಿನ್ ಒಲು ದಾರಾ ಜೋನ್ಸ್. ಬೆಂಗಳೂರು ಕಡೆಯ ಜಮೀನಿನ ಕಾಗದಗಳಲ್ಲಿ "ಬಿನ್" ಅಂತ ಬರೆಯುತ್ತಾರಲ್ಲ, ಅದೇ ಬಿನ್. ನಮ್ಮ ಕಡೆ "ತಂದೆ" ಅಂತ ಬರೆಯುತ್ತೇವೆ. ನಮ್ಮ ಪಹಣಿಯಲ್ಲಿ ಬರೆಯುವುದಾದರೆ ಇವನು "ನಾಸಿರ್ ತಂದೆ ಒಲು ದಾರಾ". ಈ ತಂದೆಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತಾರೆ.

ನನಗೆ ಈ ಆಲ್ಬಂ ಸಿಕ್ಕ ರೀತಿ ಹೇಳಿಕೊಳ್ಳುವಂಥದ್ದಲ್ಲ. ಡಿಗ್ರಿ ಓದುವಾಗ ಸೂಪರ್ ಮಾರ್ಕೆಟ್ ಹತ್ತಿರ ಫುಟ್‌ಪಾತಿನಲ್ಲಿ ಎಂಪಿ3 ಸಿಡಿ ಮಾರುತ್ತಿದ್ದರು. ಒಂದು ಸಿಡಿಯಲ್ಲಿ ನೂರೈವತ್ತು ಹಾಡು. ಮೇಲೆ "ಇಂಗ್ಲಿಷ್ ಹಿಟ್ಸ್" ಅಂತ ಇತ್ತು. ಒಳಗೆ ಹಾಡಿನ ಹೆಸರೇ ಇರಲಿಲ್ಲ, ಟ್ರ್ಯಾಕ್ 1, ಟ್ರ್ಯಾಕ್ 2 ಅಷ್ಟೇ. ಯಾರು ಹಾಡಿದ್ದು ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಆಮೇಲೆ ಇಂಟರ್ನೆಟ್ ಕೆಫೆಯಲ್ಲಿ ಕೂತು ಸಾಹಿತ್ಯ ಪ್ರಿಂಟ್ ತೆಗೆಸಿದೆ. ಕಳ್ಳ ಮಾಲು ಕೇಳಿದೆನಲ್ಲ ಅಂತ ನಾಚಿಕೆ ಇತ್ತು. ಮುಂದೊಂದು ದಿನ ಗೊತ್ತಾಯಿತು, ಈ ಆಲ್ಬಂ ಬಿಡುಗಡೆಗೆ ಮುಂಚೆಯೇ ನ್ಯೂಯಾರ್ಕಿನಲ್ಲೂ ಕಳ್ಳ ಪ್ರತಿಗಳು ಓಡಾಡಿದ್ದವಂತೆ. ಸ್ವಲ್ಪ ಸಮಾಧಾನ ಆಯಿತು.

ಇವನ ಊರು ಯಾವುದು? ಹುಟ್ಟಿದ್ದು 1973ರ ಸೆಪ್ಟೆಂಬರ್ 14ಕ್ಕೆ, ಬ್ರೂಕ್ಲಿನ್‌ನಲ್ಲಿ. ಅದಕ್ಕೆ ಒಂದು ತಿಂಗಳು ಮುಂಚೆ, ಆಗಸ್ಟ್ 11ಕ್ಕೆ, ಅದೇ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದು ಪಾರ್ಟಿಯಲ್ಲಿ ರೆಕಾರ್ಡ್ ತಿರುಗಿಸಿದ. ಈ ರ‍್ಯಾಪ್ ಸೇರಿದ ಹಿಪ್‌ಹಾಪ್ ಸಂಗೀತ ಹುಟ್ಟಿದ್ದು ಅವತ್ತು ಅಂತ ಲೆಕ್ಕ. ಅಂದರೆ ಹುಡುಗನೂ ಹಾಡೂ ಒಂದೇ ವಾರಿಗೆಯವರು. ಬೆಳೆದದ್ದು ಕ್ವೀನ್ಸ್‌ಬ್ರಿಜ್‌ನಲ್ಲಿ. ಸರ್ಕಾರ ಬಡವರಿಗೆ ಬಾಡಿಗೆಗೆ ಕೊಡಲು ಕಟ್ಟಿಸಿದ ಮನೆಗಳು. 1939ರಲ್ಲಿ ಶುರುವಾದದ್ದು. 96 ಕಟ್ಟಡ, 3,100ಕ್ಕೂ ಹೆಚ್ಚು ಮನೆ. ಅಮೆರಿಕದಲ್ಲಿ ಇಂಥ ವಸತಿಗಳಲ್ಲೆಲ್ಲ ದೊಡ್ಡದು. ಹೊಳೆಯ ಆಚೆ ದಂಡೆಯಲ್ಲಿ ಮ್ಯಾನ್‌ಹಟನ್ನಿನ ಎತ್ತರದ ಕಟ್ಟಡಗಳು ಮಿನುಗುತ್ತವೆ. ಈಚೆ ದಂಡೆಯಲ್ಲಿ ಇವರು ಅದನ್ನು ನೋಡುತ್ತಾ ಕೂತಿರುತ್ತಾರೆ.

ಆಲ್ಬಂನ ಮುಖಪುಟದಲ್ಲಿ ಏಳು ವರ್ಷದ ನಾಸಿರನ ಮುಖ. ಅದರ ಹಿಂದೆ ಅಲ್ಲ, ಆ ಮುಖದ ಒಳಗೇ ಇವರ ಓಣಿ. ಎರಡು ಫೋಟೋ ಒಂದರ ಮೇಲೊಂದು. ಕ್ಯಾಸೆಟ್ಟಿನ ಎ ಸೈಡು ಬಿ ಸೈಡಿಗೂ ಓಣಿಯದೇ ಹೆಸರು, 40ನೇ ಸೈಡ್ ನಾರ್ತ್, 41ನೇ ಸೈಡ್ ಸೌತ್. ಅವು ಅವರ ಬೀದಿಯ ನಂಬರು. ನಮ್ಮಲ್ಲಿ ಯಾರಾದರೂ ಕ್ಯಾಸೆಟ್ಟಿನ ಒಂದು ಬದಿಗೆ "ಮೋಮಿನಪುರ", ಇನ್ನೊಂದು ಬದಿಗೆ "ಬ್ರಹ್ಮಪುರ" ಅಂತ ಬರೆದ ಹಾಗೆ.

ಈಗ ಒಂದು ತುಣುಕು ಹಾಕುತ್ತೇನೆ. (ಇಲ್ಲಿ ನಾಲ್ಕನೇ ಹಾಡಿನ ಮೊದಲ ಅರ್ಧ ನಿಮಿಷ ಹಾಕಿದೆ.)

ಕೇಳಿದಿರಲ್ಲ, ಪಿಯಾನೋ? ಅದನ್ನು ನುಡಿಸಿದವರು ಅಹ್ಮದ್ ಜಮಾಲ್, 1970ರಲ್ಲಿ. ಪೀಟ್ ರಾಕ್ ಅನ್ನುವವನು ಆ ಹಳೆಯ ರೆಕಾರ್ಡಿನಿಂದ ಒಂದು ಚೂರು ಕತ್ತರಿಸಿ, ಅದನ್ನೇ ತಿರುಗಾಮುರುಗಾ ಬರುವ ಹಾಗೆ ಮಾಡಿ, ಕೆಳಗೆ ಡ್ರಮ್ಮು ಕೂರಿಸಿದ. ಇದಕ್ಕೆ ಸ್ಯಾಂಪಲ್ ಅಂತಾರೆ. ಕದ್ದದ್ದು ಅಂತ ಬಹಳ ಜನ ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ. ಆದರೆ ಆ ಕೆಲಸದ ಕಷ್ಟ ಗೊತ್ತಾದ ಮೇಲೆ ಸುಮ್ಮನಾದೆ. ಪೀಟ್ ರಾಕ್, ಲಾರ್ಜ್ ಪ್ರೊಫೆಸರ್ ಅಂಥವರ ಕೈಯಲ್ಲಿದ್ದದ್ದು ಎಸ್‌ಪಿ-1200 ಅನ್ನುವ ಡಬ್ಬಿ. ಅದರೊಳಗೆ ಹಿಡಿಯುತ್ತಿದ್ದದ್ದು ಬರೀ 10 ಸೆಕೆಂಡಿನಷ್ಟು ಸದ್ದು. ಪೂರ್ತಿ ಹಾಡಿಗೆ 10 ಸೆಕೆಂಡು! ಅದಕ್ಕೆ ಇವರು ಒಂದು ಉಪಾಯ ಮಾಡುತ್ತಿದ್ದರು. ನಿಧಾನ ತಿರುಗಬೇಕಾದ ರೆಕಾರ್ಡನ್ನು ಕಮ್ಮಿ ಹೊತ್ತಿನಲ್ಲಿ ಮುಗಿಯಲಿ ಅಂತ ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಹಾಕಿ, ಅಳಿಲಿನಂತೆ ಕಿಚಿಕಿಚಿ ಅನ್ನುವ ಸದ್ದನ್ನು ಒಳಗೆ ತುಂಬಿ, ಆಮೇಲೆ ಡಬ್ಬಿಯಲ್ಲೇ ನಿಧಾನ ಮಾಡುತ್ತಿದ್ದರು. ಹಾಗೆ ಮಾಡಿದಾಗ ಸದ್ದಿಗೆ ಒಂದು ಒರಟುತನ ಬರುತ್ತೆ, ಮಣ್ಣು ಮೆತ್ತಿದಂತೆ. ಆ ಕಾಲದ ಹಾಡುಗಳಲ್ಲಿ ನಾವು ಇಷ್ಟಪಡುವ ಮಣ್ಣು ಬಂದದ್ದು ಬಡತನದಿಂದ. ಜೋಳದ ರೊಟ್ಟಿ ಬಡತನದಿಂದ ಬಂದ ಹಾಗೆ. ಈಗ ಅದೇ ರೊಟ್ಟಿಗೆ ಹೋಟೆಲಿನಲ್ಲಿ ಚಪಾತಿಗಿಂತ ಜಾಸ್ತಿ ರೇಟು.

ಇನ್ನು ಮಾತಿನ ವಿಷಯ. ಮಾಸ್ತರರು ನಮಗೆ ಆದಿಪ್ರಾಸ ಕಲಿಸಿದ್ದರು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಹಳಗನ್ನಡದವರ ಪ್ರಾಸ ಸಾಲಿನ ತಲೆಯಲ್ಲಿ. ಸಿನಿಮಾ ಹಾಡಿನ ಪ್ರಾಸ ಸಾಲಿನ ಬಾಲದಲ್ಲಿ. ನಾಸಿರನ ಪ್ರಾಸ ಸಾಲಿನ ಹೊಟ್ಟೆಯಲ್ಲಿ. ಹಾಗಂದರೆ ಏನು? ಕಾಗದ, ಆಗದ, ಸಾಗದ. ಇದು ಮಕ್ಕಳ ಪ್ರಾಸ. ಕಾಗದ, ಜಾತಕ, ನಾಟಕ. ಇಲ್ಲಿ ವ್ಯಂಜನ ಹೊಂದಿಲ್ಲ, ಸ್ವರ ಮಾತ್ರ ಹೊಂದಿದೆ. ಆ, ಅ, ಅ. ಕಿವಿಗೆ ಪ್ರಾಸ ಅಂತ ಗೊತ್ತಾಗುತ್ತೆ, ಆದರೆ ಕಟ್ಟಿದ್ದು ಅಂತ ಗೊತ್ತಾಗುವುದಿಲ್ಲ. ಇವನು ಹೀಗೆ ಸ್ವರ ಹೊಂದಿಸಿ ಹೊಂದಿಸಿ ಒಂದು ಸಾಲಿನಲ್ಲಿ ಮೂರು ನಾಲ್ಕು ಕಡೆ ಗಂಟು ಹಾಕುತ್ತಾನೆ. ವಾಕ್ಯ ಒಂದು ಕಡೆ ಮುಗಿಯುತ್ತೆ, ಪ್ರಾಸ ಇನ್ನೊಂದು ಕಡೆ ಬೀಳುತ್ತೆ. ತಾಳದ ಮೇಲೆ ಮಾತು ನಡೆಯುವಾಗ ಅದು ಹಾಡು ಅನ್ನುವುದೇ ಮರೆತುಹೋಗುತ್ತೆ. ಯಾರೋ ಕಟ್ಟೆ ಮೇಲೆ ಕೂತು ಸುಮ್ನೆ ಮಾತಾಡುತ್ತಿದ್ದಾನೆ ಅನ್ನಿಸುತ್ತೆ.

ಇವನು ಶಾಲೆ ಬಿಟ್ಟದ್ದು ಎಂಟನೇ ಕ್ಲಾಸಿಗೆ. ಈ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕಾಲದಲ್ಲಿ ಬರೆದ ಪುಸ್ತಕ ಒಂದಿದೆಯಲ್ಲ, ಕನ್ನಡಿಗರು ಕುರಿತೋದದೆಯೂ ಕಾವ್ಯ ಕಟ್ಟಬಲ್ಲರು ಅಂತ ಹೇಳಿದ್ದು. ನಾವು ಆ ಸಾಲನ್ನು ನವೆಂಬರ್ ಒಂದಕ್ಕೆ ಮೈಕಿನಲ್ಲಿ ಹೇಳಿ ಎದೆಯುಬ್ಬಿಸುತ್ತೇವೆ. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಕಾಲೇಜಿನ ಮೆಟ್ಟಿಲ ಮೇಲೆ ಕೂತು ನಮ್ಮ ಮಾತಿನಲ್ಲಿ ರ‍್ಯಾಪ್ ಹೇಳಿದರೆ ನಗುತ್ತೇವೆ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬರುವುದು ಯಾವಾಗ? ಕಾಮಿಡಿ ಬೇಕಾದಾಗ. "ಹೋಗ್ಲಾಕತ್ತೀನಿ" ಅಂದರೆ ಥಿಯೇಟರ್ ನಗುತ್ತೆ. ನಾಸಿರ್ ತನ್ನ ಓಣಿಯ ಹುಡುಗರಾಡುವ ಮಾತನ್ನೇ, ಹೊರಗಿನವರಿಗೆ ಅರ್ಥವಾಗದ ಒಳಮಾತನ್ನೇ, ಒಂದು ಸಲವೂ ನಗಿಸದೆ ಬಳಸಿದ. ಅರ್ಥವಾಗದವರು ಕಷ್ಟಪಟ್ಟು ಅರ್ಥ ಮಾಡಿಕೊಳ್ಳಲಿ ಅಂತ ಬಿಟ್ಟ. ನಾನು ಮಾಡಿಕೊಂಡೆ, ಗಂಟೆಗಿಷ್ಟು ಅಂತ ಕೆಫೆಗೆ ದುಡ್ಡು ಕೊಟ್ಟು.

ನಮ್ಮ ಲಾವಣಿಯ ಕಲ್ಗಿ-ತುರಾಯಿ ಮೇಳದವರು ಸವಾಲು ಜವಾಬು ಹಾಕುತ್ತಾರಲ್ಲ, ಶಕ್ತಿ ದೊಡ್ಡದೋ ಶಿವ ದೊಡ್ಡವನೋ ಅಂತ ಬೆಳತನಕ? ರ‍್ಯಾಪಿನವರಿಗೂ ಅದಿದೆ. ನಾಸಿರನ ಬಾಲ್ಯದಲ್ಲಿ ಕ್ವೀನ್ಸ್‌ಬ್ರಿಜ್‌ನ ಎಂ.ಸಿ. ಶಾನ್‌ಗೂ ಬ್ರಾಂಕ್ಸ್‌ನ ಕೆ.ಆರ್.ಎಸ್. ಒನ್‌ಗೂ ಇಂಥದ್ದೇ ಜಗಳ ಹಾಡಿನಲ್ಲೇ ನಡೆದು, ಕ್ವೀನ್ಸ್‌ಬ್ರಿಜ್ ಸೋತಿತು ಅಂತಲೇ ಊರೆಲ್ಲ ತೀರ್ಮಾನವಾಗಿತ್ತು. ಸೋತ ಮೇಳದ ಓಣಿಯಿಂದ ಬಂದ ಹುಡುಗ ಇವನು. ಇದರ ಬಗ್ಗೆ ಇಷ್ಟು ಸಾಕು, ಇದನ್ನು ಹೇಳುತ್ತಾ ಹೋದರೆ ನಾವೂ ಬೆಳತನಕ ಕೂರಬೇಕಾಗುತ್ತೆ.

ಎರಡನೇ ಹಾಡಿನ ಶುರುವಿನಲ್ಲಿ ಒಂದು ತಮಾಷೆ ಇದೆ. ಡಿಜೆ ಪ್ರೀಮಿಯರ್ ತಾಳ ಬಿಟ್ಟಿದ್ದಾನೆ. ಇವನು ಮೈಕಿನ ಮುಂದೆ ನಿಂತು, ಇದನ್ನು ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ ಅಂತಾನೆ. ಅದು ರೆಕಾರ್ಡಿನಲ್ಲಿ ಹಾಗೇ ಇದೆ, ಅಳಿಸಿಲ್ಲ. ಮರುಕ್ಷಣ ಶುರು ಮಾಡುತ್ತಾನೆ ನೋಡಿ, ನಿಲ್ಲುವುದೇ ಇಲ್ಲ. ಪಲ್ಲವಿ ಯಾವಾಗ ಬರುತ್ತೆ ಅಂತ ಕಾದು ಕಾದು ಕೇಳುವವರಿಗೇ ಉಸಿರು ಕಟ್ಟುತ್ತೆ. (ಇದನ್ನೂ ಸ್ವಲ್ಪ ಹಾಕಿದೆ. ಒಂದು ಬೈಗುಳ ತಪ್ಪಿಸಿಕೊಂಡು ಬಂದೇಬಿಟ್ಟಿತು. ಮಾಸ್ತರರು ಕಿಟಕಿ ಕಡೆ ನೋಡಿದರು.)

ಆದರೆ ನಾನು ಇವತ್ತು ಬಂದದ್ದು ಏಳನೇ ಹಾಡಿನ ಬಗ್ಗೆ ಹೇಳಲು. ಒನ್ ಲವ್. ಬಹಳ ಅಭಿಮಾನಿಗಳು ಎರಡನೇ ಹಾಡೇ ಶ್ರೇಷ್ಠ ಅಂತಾರೆ. ಕಸುಬು ನೋಡಿದರೆ ಹೌದು. ಆದರೆ ಇಡೀ ಆಲ್ಬಂ ಏನು ಅಂತ ಗೊತ್ತಾಗುವುದು ಏಳನೆಯದರಲ್ಲಿ. ಅದು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಆರು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ದೊಡ್ಡವ್ವ ಒಬ್ಬಾಕೆಗೆ ಕಾಗದ ಬರೆದುಕೊಡುತ್ತಿದ್ದೆ. ಆಕೆಯ ಮಗ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಇಲ್ಲಿಂದ ಎಷ್ಟು ಜನ ಹಾಗೆ ಹೋಗಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ, ಈ ಕೋಣೆಯಲ್ಲೇ ಅಂಥ ಮನೆಯವರಿದ್ದೀರಿ. ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಮುಂದೆ ಇಟ್ಟು ಆಕೆ ಹೇಳುತ್ತಿದ್ದಳು. "ಎಮ್ಮಿ ಈದದ ಅಂತ ಬರಿ. ಹೆಣ್ಣುಗರ ಅಂತ ಬರಿ. ಮೂಲಿಮನಿಯಾಂವ ನಿನಗ ಕೇಳಿದಾ ಅಂತ ಬರಿ. ನಿನ್ನ ಸಂಗಟ ಆಡ್ತಿದ್ದನಲ್ಲ, ಅವನ ಲಗ್ನ ಆತು ಅಂತ ಬರಿ." ಹೀಗೇ ಓಣಿಯ ಸುದ್ದಿ ಎಲ್ಲ. ತನ್ನ ಸುದ್ದಿ ಒಂದೂ ಇಲ್ಲ. ಒಂದು ಸಲ ಆಕೆಯ ಗಂಡ ಬಿದ್ದು ಕಾಲು ಮುರಿದುಕೊಂಡಿದ್ದ. ನಾನು ಬರೆಯಲು ಹೋದೆ. "ಅದನ್ನ್ ಬರೀಬ್ಯಾಡ" ಅಂದಳು. ಮತ್ತೆ ಹೇಳಿದಳು, "ಮಳಿ ಚಲೋ ಆಗ್ಯಾದ ಅಂತ ಬರಿ." ಮಳೆ ಆಗಿರಲಿಲ್ಲ.

ವರ್ಷಗಳ ನಂತರ ಆ ಪ್ರಿಂಟ್ ಹಿಡಿದು ಏಳನೇ ಹಾಡು ಓದಿದಾಗ ನನಗೆ ಸಿಕ್ಕದ್ದು ಅದೇ ಇನ್‌ಲ್ಯಾಂಡ್ ಲೆಟರ್. ನಿನಗೆ ಗಂಡುಮಗು ಆಗಿದೆಯಂತೆ, ನಿನ್ನ ಹಾಗೇ ಇದೆಯಂತೆ. ನಿನ್ನ ಹುಡುಗಿ ಯಾಕೆ ಕಾಗದ ಬರೆಯುತ್ತಿಲ್ಲ? ಹೋಗಿ ನೋಡಿ ಬಾ ಅಂತ ಹೇಳಿದೆ, ನನ್ನ ಮೇಲೇ ರೇಗಿದಳು. ಒಳಗೆ ತಲೆ ತಣ್ಣಗಿಟ್ಟುಕೋ, ನಿನ್ನ ತಾಯಿ ಅಳುವುದನ್ನು ನೋಡಲಾಗುವುದಿಲ್ಲ. ಹೀಗೆ ಓಣಿಯ ಸುದ್ದಿ. ಬರೆಯುವವನಿಗೆ ಏನಾಗಿದೆ ಅಂತ ಒಂದು ಮಾತೂ ಇಲ್ಲ. ಹಿಂದೆ ಟಿಣ್ ಟಿಣ್ ಅಂತ ಮರದ ಡಬ್ಬಿಯ ಕಬ್ಬಿಣದ ಕಡ್ಡಿ ಮೀಟಿದಂಥ ಸದ್ದು. ಆಫ್ರಿಕಾದ ಹೆಬ್ಬೆರಳ ವಾದ್ಯದ್ದು. ಹೀತ್ ಬ್ರದರ್ಸ್ ಅನ್ನುವ ಜ್ಯಾಝ್ ತಂಡದ ರೆಕಾರ್ಡಿನಿಂದ ಕ್ಯೂ-ಟಿಪ್ ಅನ್ನುವ ಸಂಗೀತಗಾರ ತೆಗೆದದ್ದು. ಕಾಗದ ಮಡಚುವಷ್ಟು ಮೆತ್ತಗಿದೆ ಅದು.

ಮೂರನೇ ಚರಣದಲ್ಲಿ ಕಾಗದ ನಿಲ್ಲುತ್ತೆ. ಎರಡು ದಿನ ಊರು ಬಿಟ್ಟು ಹೋಗಿದ್ದವನು ತಿರುಗಿ ಓಣಿಗೆ ಬರುತ್ತಾನೆ. ಬೆಂಚಿನ ಮೇಲೆ 12 ವರ್ಷದ ಹುಡುಗ. ಆಗಲೇ ಗಾಂಜಾ, ಆಗಲೇ ವ್ಯಾಪಾರ, ಆಗಲೇ ಶತ್ರುಗಳು. ಇವನು ಅವನಿಗೆ ಬುದ್ಧಿ ಹೇಳುತ್ತಾನೆ. ಏನಂತ ಹೇಳಬಹುದು? ಇದೆಲ್ಲ ಬಿಟ್ಟು ಶಾಲೆಗೆ ಹೋಗು ಅಂತ? ಇಲ್ಲ. ಗುಂಪಿನ ಮೇಲೆ ಗುಂಡು ಹಾರಿಸಬೇಡ, ತಪ್ಪು ಮನುಷ್ಯ ಸಾಯುತ್ತಾನೆ, ಒಬ್ಬನೇ ಸಿಕ್ಕಾಗ ನೋಡಿಕೋ ಅಂತ. ಇದು ಬುದ್ಧಿಮಾತು! ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಇಷ್ಟು ಬರೆಯಬಲ್ಲವನು ಆ ಮಗುವಿಗೆ ಒಂದು ಒಳ್ಳೆಯ ಮಾತು ಹೇಳಬಾರದಿತ್ತಾ ಅಂತ. ಈಗ ಅನ್ನಿಸುತ್ತೆ, ಒಳ್ಳೆಯ ಮಾತು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. 20 ವರ್ಷದವನ ಕೈಯಲ್ಲಿ ಇದ್ದದ್ದೇ ಅಷ್ಟು. ದೊಡ್ಡವ್ವ ಮಳೆ ಆಗಿದೆ ಅಂತ ಬರೆಸಿದಳು. ಇವನು ಮಳೆ ಆಗಿಲ್ಲ ಅಂತ ಬರೆದ. ಯಾವುದು ಪ್ರೀತಿ ಅಂತ ನನಗೆ ಕೇಳಬೇಡಿ. ಎರಡೂ ಕಾಗದ ನನಗೆ ಅರ್ಥವಾಗುತ್ತವೆ.

ಹೀಗೆ ನೋಡಿದರೆ ಇಡೀ ಆಲ್ಬಂ ಹೊರಗಿನವರಿಗೆ ಹೇಳಿದ ಕಥೆಯಲ್ಲ, ಊರಲ್ಲಿ ಇಲ್ಲದವರಿಗೆ ಬರೆದ ಕಾಗದ. ಜೈಲಿನವರಿಗೆ, ಸತ್ತವರಿಗೆ. ಇವನ ಜೀವದ ಗೆಳೆಯ, ಮೇಲಿನ ಮನೆಯವನು, ವಿಲ್ ಅಂತ. 1992ರಲ್ಲಿ ಗುಂಡೇಟಿಗೆ ಸತ್ತ. ಇಬ್ಬರೂ ಸೇರಿ ಹಾಡು ಕಟ್ಟುತ್ತಿದ್ದವರು. ಇಲ್ ವಿಲ್, ಇಲ್ ವಿಲ್ ಅಂತ ಅವನ ಹೆಸರು ಆಲ್ಬಂನಲ್ಲಿ ಬರುತ್ತಲೇ ಇರುತ್ತೆ. ತತ್ವಪದದಲ್ಲಿ ಗುರುವಿನ ಅಂಕಿತ ಬರುವ ಹಾಗೆ. ಒಂಬತ್ತನೇ ಹಾಡಿನ ಕೊನೆಯಲ್ಲಂತೂ ಓಣಿಯ ಹುಡುಗರ ಹೆಸರನ್ನು ಒಂದೊಂದಾಗಿ ಕೂಗುತ್ತಾ ಹೋಗುತ್ತಾನೆ. ಲಗ್ನದಲ್ಲಿ ಮೈಕು ಹಿಡಿದು ಯಾರ್ಯಾರದು ಎಷ್ಟೆಷ್ಟು ಆಯೇರಿ ಅಂತ ಕೂಗುತ್ತಾರಲ್ಲ, ಹಾಗೆ. ಯಾರ ಹೆಸರೂ ಬಿಟ್ಟುಹೋಗಬಾರದು, ನಾಳೆ ಜಗಳ ಬರುತ್ತೆ.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಎಂಎ ಓದುವ ಹುಡುಗಿ ಒಬ್ಬಳು ಎದ್ದು ನಿಂತಳು. "ಸರ್, ಈ ಓಣ್ಯಾಗ ಹೆಣ್ಮಕ್ಳು ಇಲ್ಲೇನ್ರಿ?"

ಇದ್ದಾರೆ. ಅಳುವ ತಾಯಿಯಾಗಿ, ಕಾಗದ ಬರೆಯದ ಹುಡುಗಿಯಾಗಿ. ಮೂರನೇ ಹಾಡಿನ ಹೆಸರಿನಲ್ಲಿ ಬೈಗುಳವಾಗಿಯೂ ಇದ್ದಾರೆ. ಆದರೆ ಹೆಣ್ಣೊಬ್ಬಳು ತನ್ನ ಮಾತು ತಾನೇ ಆಡುವ ಒಂದು ಹಾಡೂ ಇಲ್ಲ. ಆ ಹುಡುಗಿ ಯಾಕೆ ರೇಗಿದಳು? ಅವಳ ಕಾಗದ ನಮಗೆ ಸಿಗುವುದಿಲ್ಲ. ನಾನು ಬರೆದ ಕಾಗದಗಳಲ್ಲಿ ಮಾತೆಲ್ಲ ದೊಡ್ಡವ್ವನದು, ಅಕ್ಷರ ಮಾತ್ರ ನನ್ನದು. ಇಲ್ಲಿ ಮಾತೂ ಅಕ್ಷರವೂ ಗಂಡುಹುಡುಗರದೇ. ಇದು ಆಲ್ಬಂನ ದೊಡ್ಡ ಕೊರತೆ. ಆ ಕಾಲ ಹಾಗಿತ್ತು ಅಂತ ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನಾನು ಇಷ್ಟು ವರ್ಷ ಕೇಳಿಯೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ ಅನ್ನುವುದನ್ನೂ ಅವಳಿಗೆ ಹೇಳಿದೆ.

ಸಣ್ಣ ಕೊರತೆಗಳೂ ಇವೆ. ಎಂಟನೇ ಹಾಡು ನನಗೆ ಸಪ್ಪೆ. ಏಳನೆಯದರ ಭಾರದ ನಂತರ ಉಸಿರು ಬಿಡಲಿ ಅಂತ ಇಟ್ಟಿರಬಹುದು. ನಾನು ಆ ಹೊತ್ತಿಗೆ ಚಹಾಕ್ಕೆ ಎದ್ದು ಹೋಗುತ್ತೇನೆ. ತನ್ನ ಜಂಬ ಕೊಚ್ಚಿಕೊಳ್ಳುವುದೂ ಅಲ್ಲಲ್ಲಿ ಜಾಸ್ತಿ ಆಯಿತು. ಆದರೆ ಕೊನೆಯ ಹಾಡಿನಲ್ಲಿ ಮೈಕಲ್ ಜಾಕ್ಸನ್‌ನ ರೆಕಾರ್ಡಿನ ಚೂರು ಇಟ್ಟುಕೊಂಡು ಕೊಚ್ಚಿಕೊಂಡದ್ದನ್ನು ಮಾತ್ರ ನಾನು ಕ್ಷಮಿಸುತ್ತೇನೆ. ಅಷ್ಟು ಸೊಗಸಾಗಿ ಕೊಚ್ಚಿಕೊಳ್ಳುವವರು ಕಮ್ಮಿ.

ಬಿಡುಗಡೆಯಾದಾಗ ದ ಸೋರ್ಸ್ ಅನ್ನುವ ಹಿಪ್‌ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ ಕೊಟ್ಟಿತು, ಅವರಲ್ಲಿ ಸ್ಟಾರಿನ ಬದಲು ಮೈಕ್. ಹೊಸಬನಿಗೆ ಅಷ್ಟು ಕೊಡುವುದು ಅಪರೂಪ. ಆದರೆ ಮಾರಾಟ ನಿಧಾನ. 10 ಲಕ್ಷ ಪ್ರತಿಯ ಪ್ಲಾಟಿನಂ ಮುಟ್ಟಿದ್ದು 2001ರಲ್ಲಿ. ಎರಡನೇ ಆಲ್ಬಂ ಇದಕ್ಕಿಂತ ಬೇಗ ಓಡಿತು, ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಆದರೂ ಅಭಿಮಾನಿಗಳು ಅವನು ಏನು ಮಾಡಿದರೂ "ಮೊದಲಿನ ಹಾಗಿಲ್ಲ" ಅನ್ನುತ್ತಲೇ ಬಂದರು. ನಾನೂ ಅಂದಿದ್ದೇನೆ. 20ರ ವಯಸ್ಸಿನಲ್ಲಿ ಬರೆದ ಕಾಗದವನ್ನು 50ರಲ್ಲೂ ಹಾಗೇ ಬರೆ ಅನ್ನುವುದು ಎಂಥ ಹಟ, ಅಲ್ವಾ? 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಂ ಅನ್ನು ದೇಶ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅವನಿಗೆ ಮೊದಲ ಗ್ರ್ಯಾಮಿ ಬಂತು, ಬೇರೆ ಆಲ್ಬಂಗೆ.

ಇನ್ನು ತಂದೆ. ಒಲು ದಾರಾ, ಮಿಸಿಸಿಪಿ ಕಡೆಯವರು. ಕಾರ್ನೆಟ್ ನುಡಿಸುತ್ತಾರೆ. ಕಾರ್ನೆಟ್ ಅಂದರೆ ನಮ್ಮ ಬ್ಯಾಂಡ್ ಬಾಜಾದವರು ಊದುವ ತುತ್ತೂರಿಯ ಜಾತಿಯದೇ. ಮಗ ಚಿಕ್ಕವನಿದ್ದಾಗಲೇ ತಂದೆ ತಾಯಿ ಬೇರೆಯಾದರು. ಮೂರನೇ ಹಾಡಿನಲ್ಲಿ ಎಜೆಡ್ ಅನ್ನುವ ಗೆಳೆಯ ಮೊದಲ ಚರಣ ಹೇಳುತ್ತಾನೆ. ಇಡೀ ಆಲ್ಬಂನಲ್ಲಿ ನಾಸಿರ್ ಬೇರೆಯವರಿಗೆ ಬಿಟ್ಟುಕೊಟ್ಟ ಚರಣ ಅದೊಂದೇ. ಆಮೇಲೆ ನಾಸಿರ್ ಬಂದು, ಇವತ್ತು ನನ್ನ ಹುಟ್ಟುಹಬ್ಬ, 20 ಆಯಿತು, ಇಲ್ಲಿಯವರೆಗೆ ಬದುಕಿದ್ದೇ ಪುಣ್ಯ ಅನ್ನುವಂಥ ಮಾತು ಹೇಳುತ್ತಾನೆ. ಮಾತು ಮುಗಿಯುತ್ತೆ. ತಾಳ ನಡೆಯುತ್ತಲೇ ಇರುತ್ತೆ. ಆಗ ತಂದೆ ಊದಲು ಶುರು ಮಾಡುತ್ತಾರೆ.

ಬೈಗುಳದ ಪಲ್ಲವಿ ದಾಟಿಸಿ ಅಲ್ಲಿಗೇ ತಂದು ನಿಲ್ಲಿಸಿದ್ದೇನೆ. ಮಾಸ್ತರರೇ, ಇದನ್ನು ನೀವು ಧೈರ್ಯವಾಗಿ ಕೇಳಬಹುದು. ಯಾರಾದರೂ ಆ ಫ್ಯಾನ್ ಸ್ವಲ್ಪ ಆಫ್ ಮಾಡಿ. ಸೆಕೆ ಆಗುತ್ತೆ, ಗೊತ್ತು. ಒಂದೇ ನಿಮಿಷ.